ಕೂತಾಗ ಬಿಪಿ ಸರಿ, ಎದ್ದಾಗ ಕಣ್ಣು ಕತ್ತಲೆ

ಪ್ರಶ್ನೆ: ಅಪ್ಪನಿಗೆ 71 ವರ್ಷ. ಬಿಪಿಗೆ ಮೊದಲಿನಿಂದಲೂ ಆಮ್ಲೋಡಿಪಿನ್ ಇದೆ. ಹೋದ ತಿಂಗಳು ಪ್ರಾಸ್ಟೇಟ್ ತೊಂದರೆಗೆ ರಾತ್ರಿ ಪ್ರಜೋಸಿನ್ ಸೇರಿಸಿದರು. ಈಗ ಮೂತ್ರಕ್ಕೆ ಎದ್ದಾಗೆಲ್ಲ ಬವಳಿ ಬರುತ್ತದೆ, ಒಮ್ಮೆ ಬಚ್ಚಲ ಬಾಗಿಲಲ್ಲಿ ಬಿದ್ದರು. ಕ್ಲಿನಿಕ್ಕಿನಲ್ಲಿ ನೋಡಿದರೆ ಬಿಪಿ 130/80. ಬಿಪಿ ಮಾತ್ರೆ ನಿಲ್ಲಿಸಬಹುದಾ?

ಉತ್ತರ: ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಆದರೆ ಒಮ್ಮೆ ಬಿದ್ದಿದ್ದಾರೆ ಅಂದಮೇಲೆ ಕಾಯುವುದೂ ಬೇಡ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

130/80 ಕೂತಾಗಿನ ಲೆಕ್ಕ ಅಲ್ವಾ? ನಿಮ್ಮ ತಂದೆಯ ತೊಂದರೆ ಇರುವುದು ಎದ್ದ ಮೇಲೆ.

ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲು, ಹೊಟ್ಟೆಯ ಕಡೆ ಇಳಿದುಬಿಡುತ್ತದೆ. ಹೃದಯಕ್ಕೆ ವಾಪಸ್ ಬರುವುದು ಕಡಿಮೆಯಾಗಿ ಬಿಪಿ ಕುಸಿಯತೊಡಗುತ್ತದೆ. ಇದನ್ನು ಪತ್ತೆ ಹಚ್ಚುವ ನರತುದಿಗಳು ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳಲ್ಲಿ, ದವಡೆ ಮೂಲೆಯ ಸ್ವಲ್ಪ ಕೆಳಗೆ ಇವೆ. ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲೂ ಇವೆ. ನಾಳದ ಗೋಡೆ ಎಷ್ಟು ಹಿಗ್ಗಿದೆ ಎಂದು ಅವು ಮೆದುಳಿಗೆ ಹೇಳುತ್ತಲೇ ಇರುತ್ತವೆ. ಹಿಗ್ಗು ಕಡಿಮೆಯಾದರೆ ಮೆದುಳು ಹೃದಯದ ಬಡಿತ ಏರಿಸುತ್ತದೆ, ಕಾಲು ಮತ್ತು ಹೊಟ್ಟೆಯ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಎಲ್ಲ ಕೆಲವೇ ಸೆಕೆಂಡಿನಲ್ಲಿ. ನಮಗೆ ಗೊತ್ತೂ ಆಗುವುದಿಲ್ಲ.

ಪ್ರಜೋಸಿನ್ ಅಡ್ಡ ಬರುವುದು ಇಲ್ಲೇ. 'ಬಿಗಿಯಾಗು' ಎಂಬ ಆಜ್ಞೆ ನಾಳಕ್ಕೆ ಮುಟ್ಟದಂತೆ ಅದು ತಡೆಯುತ್ತದೆ. ಪ್ರಾಸ್ಟೇಟಿನ ಸ್ನಾಯು ಸಡಿಲವಾಗಿ ಮೂತ್ರ ಸಲೀಸಾಗುವುದೂ ಇದರಿಂದಲೇ. ಇನ್ನು ಉಳಿಯುವುದು ಹೃದಯದ ಬಡಿತ. ವಯಸ್ಸಾದವರಲ್ಲಿ ಅದೂ ಮಂದ. ಮೊದಲ ಡೋಸಿಗೆ ಮತ್ತು ಡೋಸ್ ಏರಿಸಿದಾಗ ಬವಳಿ ಜಾಸ್ತಿ. ಅದಕ್ಕೇ ಮಲಗುವಾಗ ಕೊಡುತ್ತಾರೆ. ರಾತ್ರಿಯಿಡೀ ಮೂತ್ರಕ್ಕೆ ಏಳುವವರಿಗೆ ಆ ಉಪಾಯ ಅಷ್ಟಕ್ಕಷ್ಟೇ ಅನ್ನಿ.

ನೀವು ಕೇಳಿದ ಬಿಪಿ ಮಾತ್ರೆ, ಆಮ್ಲೋಡಿಪಿನ್, ನಿಧಾನಕ್ಕೆ ಕೆಲಸ ಮಾಡುತ್ತದೆ, ಬಿಪಿಯನ್ನು ತಟ್ಟನೆ ಬೀಳಿಸುವಂಥದ್ದಲ್ಲ. ಅದೇ ಜಾತಿಯ ನಿಫೆಡಿಪಿನ್ ಕ್ಯಾಪ್ಸೂಲನ್ನು ಹಿಂದೆ ಬಿಪಿ ತಟ್ಟನೆ ಇಳಿಸಲು ನಾಲಿಗೆ ಕೆಳಗೆ ಹಿಂಡುತ್ತಿದ್ದರು. ಬಿಪಿ ದಬಕ್ಕನೆ ಬಿದ್ದು ಹೃದಯ ಹುಚ್ಚೆದ್ದು ಓಡುತ್ತಿತ್ತು, ಕೆಲವರಿಗೆ ಹೃದಯಾಘಾತವೂ ಆಯಿತು. ಒಳ್ಳೆಯದೇ ಆಯಿತು, ಆ ಪದ್ಧತಿ ಬಿಟ್ಟರು. ಅಟೆನೊಲಾಲ್‌ನಂಥ ಬೇರೆ ಬಿಪಿ ಮಾತ್ರೆಗಳು ಬಡಿತವನ್ನೇ ಹಿಡಿದಿಡುತ್ತವೆ. ಅವನ್ನು ಒಮ್ಮೆಲೇ ನಿಲ್ಲಿಸಿಬಿಟ್ಟರೆ ಬಡಿತ, ಬಿಪಿ ಎರಡೂ ಜಿಗಿಯಬಹುದು.

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಹೀಗೆ ನೋಡಿ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕೆ, ಮತ್ತೆ 3 ನಿಮಿಷಕ್ಕೆ. ಪಕ್ಕದಲ್ಲೇ ಯಾರಾದರೂ ಇರಿ, ಬವಳಿ ಬಂದರೆ ಕೂರಿಸಿಬಿಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿ. ನಾಡಿಯನ್ನೂ ಬರೆದಿಡಿ. ಬಿಪಿ ಬಿದ್ದರೂ ನಾಡಿ ಏರದಿದ್ದರೆ ನರವೇ ಮಂಕಾಗಿರಬಹುದು. ಹಳೇ ಸಕ್ಕರೆ ಕಾಯಿಲೆಯವರಲ್ಲಿ ಇದು ಉಂಟು. ಪ್ರಜೋಸಿನ್ ಬದಲು ಟ್ಯಾಮ್ಸುಲೋಸಿನ್ ಆಗುತ್ತದಾ ಎಂದು ಕೇಳಿ, ಅದು ಬಿಪಿಯನ್ನು ಅಷ್ಟು ಇಳಿಸುವುದಿಲ್ಲ. ಅಲ್ಲಿಯವರೆಗೆ ಮಂಚದ ಪಕ್ಕ ಯೂರಿನ್ ಬಾಟಲ್ ಇಡಿ. ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತ ಮೇಲೇ ಏಳಲಿ, ಮೂತ್ರವನ್ನೂ ಕೂತೇ ಮಾಡಲಿ.