ಐದು ಕಿಲೋಮೀಟರಿಗೆ ಡೀಸೆಲ್ ಬಿಎಂಡಬ್ಲ್ಯು ಯಾಕೆ?

ತಮ್ಮಾ, ನಿನ್ನ ಮೆಸೇಜಿಗೆ ಮೂರು ದಿನ ತಡವಾಗಿ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡ. ಕ್ಯಾತ್ಸಂದ್ರದ ಹುಡುಗ ಮ್ಯೂನಿಕ್‌ಗೆ ಬಂದಿದ್ದಾನೆ ಅಂದ್ರೆ ನಮ್ಮನೇಲಿ ಅದೇ ಒಂದು ಸುದ್ದಿ. ನೀನು ಕೇಳಿರೋದು ಇಷ್ಟು: ಬಂದು ಮೂರು ತಿಂಗಳಾಯ್ತು, 2008ರ ಬಿಎಂಡಬ್ಲ್ಯು 320ಡಿ ಡೀಸೆಲ್ ಕಾರು ಒಂದು 4,300 ಯೂರೋಗೆ ಸಿಗ್ತಿದೆ, 1,85,000 ಕಿಲೋಮೀಟರ್ ಓಡಿದೆ, ದಿನಾ ಆಫೀಸಿಗೆ ಓಡಿಸೋಕೆ ತಗೋಬಹುದಾ, ನೋಡ್ಕೊಳ್ಳೋದು ಕಷ್ಟವಾ, ನಿಮ್ಮ ಹತ್ರ ಹಳೇ ಡೀಸೆಲ್ ಬಿಎಂಡಬ್ಲ್ಯು ಇದೆಯಂತೆ, ಹೇಳಿ ಅಣ್ಣಾ, ಅಂತ.

ಬೇಡ. ಹಳೇ ಕಾರು ಅಂತಲ್ಲ, ಜಾಸ್ತಿ ಓಡಿದೆ ಅಂತಲೂ ಅಲ್ಲ. ಮೆಸೇಜಿನ ಕೊನೇಲಿ ಹಂಗೇ ಸುಮ್ನೆ ಬರೆದಿದ್ದೀಯಲ್ಲ, 'ಮನೆಯಿಂದ ಆಫೀಸು ಐದು ಕಿಲೋಮೀಟರು, ಊ-ಬಾನ್ ಮೆಟ್ರೋ ಕೂಡ ಇದೆ' ಅಂತ, ಅದಕ್ಕೆ ಬೇಡ.

ನಮ್ಮೂರಲ್ಲಿ ಕಾರು ಒಂದು ಲಕ್ಷ ದಾಟಿದ್ರೆ ಜನ ಮುಖ ಸಿಂಡರಿಸ್ತಾರೆ. ಇಲ್ಲಿ ಅದೊಂದು ಲೆಕ್ಕಾನೇ ಅಲ್ಲ. ನನ್ನದು 2006ರದ್ದು. 1,38,000 ಓಡಿದ್ದಾಗ ತಗೊಂಡೆ, ಈಗ ಮೂರು ಲಕ್ಷ ಹನ್ನೆರಡು ಸಾವಿರ. ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ. ಆಗ್ಸ್‌ಬರ್ಗ್‌ನಿಂದ ಮ್ಯೂನಿಕ್ ಪಕ್ಕದ ಆಫೀಸಿಗೆ ಎ8 ರಸ್ತೇಲಿ ಹೋಗೋಕೆ ಅರವತ್ತು, ಬರೋಕೆ ಅರವತ್ತು. ನೂರು ಕಿಲೋಮೀಟರಿಗೆ ಐದೂವರೆ ಲೀಟರ್ ಕುಡಿಯುತ್ತೆ. ಇಲ್ಲಿ ಲೆಕ್ಕ ಹೇಳೋದೇ ಹಂಗೆ, ನಮ್ಮ ಮೈಲೇಜಿನ ಭಾಷೇಲಿ ಅದು ಲೀಟರಿಗೆ ಹದಿನೆಂಟು. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಗಾಡಿ ನನಗೆ ಗೊತ್ತಿಲ್ಲ. ಆದ್ರೆ ಇದೇ ಕಾರು ಮೊದಲನೇ ವರ್ಷ ನನ್ನ ಜೀವ ತಿಂದಿತ್ತು, ತಪ್ಪು ಪೂರ್ತಿ ನನ್ನದೇ.

ಆಗ ನನ್ನ ಆಫೀಸು ಆಗ್ಸ್‌ಬರ್ಗ್‌ನಲ್ಲೇ, ಮನೆಯಿಂದ ನಾಲ್ಕು ಕಿಲೋಮೀಟರು. ನಮ್ಮಪ್ಪ ಮೆಟಡೋರ್‌ನಲ್ಲಿ ತಿಪಟೂರಿಗೆ ಕೊಬ್ಬರಿ ಹೊಡೀತಿದ್ದವರು. ಅವರನ್ನ ನೋಡಿ ಕಲಿತ ಡೀಸೆಲ್ ವಿದ್ಯೆ ಒಂದಿತ್ತು ನನ್ನ ಹತ್ರ: ಬೆಳಗ್ಗೆ ಸ್ಟಾರ್ಟ್ ಮಾಡು, ಐದು ನಿಮಿಷ ಹಂಗೇ ಬಿಡು, ಬಿಸಿಯಾಗ್ಲಿ, ಆಮೇಲೆ ಹೊರಡು. ಇಲ್ಲೂ ಅದನ್ನೇ ಮಾಡ್ತಿದ್ದೆ. ಮೂರನೇ ದಿನ ಮೇಲಿನ ಮನೆ ಅಜ್ಜಿ ಬಂದು ಕಿಟಕಿ ತಟ್ಟಿದ್ರು. ನಿಂತಲ್ಲೇ ಸುಮ್ಮನೆ ಎಂಜಿನ್ ಓಡಿಸೋದು ಈ ದೇಶದಲ್ಲಿ ದಂಡ ಹಾಕೋ ತಪ್ಪು. ತಪ್ಪೋ ಸರಿಯೋ, ಈ ಎಂಜಿನ್‌ಗಳು ನಿಂತಲ್ಲಿ ಸರಿಯಾಗಿ ಬಿಸಿಯಾಗೋದೇ ಇಲ್ಲ. ಓಡಿದ್ರೆ ಮಾತ್ರ ಬಿಸಿ.

ಬಿಸಿ ಯಾಕೆ ಅಷ್ಟು ಮುಖ್ಯ ಅಂತ ಕೇಳ್ತೀಯ. ಸೈಲೆನ್ಸರ್ ದಾರೀಲಿ ಮಸಿ ಹಿಡಿಯೋ ಒಂದು ಫಿಲ್ಟರ್ ಇದೆ, ಡಿಪಿಎಫ್ ಅಂತಾರೆ. ನಮ್ಮಜ್ಜಿ ಮನೆ ಒಲೆ ಮೇಲಿನ ಸೂರು ನೆನಪು ಮಾಡ್ಕೋ. ಮಸಿ ಕಟ್ಟುತ್ತಾ ಹೋಗುತ್ತೆ. ಕೆಲವು ನೂರು ಕಿಲೋಮೀಟರಿಗೆ ಒಮ್ಮೆ ಕಾರು ತಾನೇ ಒಂಚೂರು ಡೀಸೆಲ್ ಜಾಸ್ತಿ ಬಿಟ್ಟು, ಫಿಲ್ಟರನ್ನ ಆರುನೂರು ಡಿಗ್ರಿ ಹತ್ತಿರ ಕಾಯಿಸಿ, ಆ ಮಸೀನ ಸುಟ್ಟು ಹಾಕುತ್ತೆ. ಅದಕ್ಕೆ ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ನಾಲ್ಕು ಕಿಲೋಮೀಟರಿಗೆ ಆಫ್ ಮಾಡಿದ್ರೆ ಅರ್ಧಕ್ಕೇ ನಿಲ್ಲುತ್ತೆ. ನಾಳೆ ಮತ್ತೆ ಶುರು, ಮತ್ತೆ ಅರ್ಧಕ್ಕೆ. ಹಂಗೆ ಜಾಸ್ತಿ ಬಿಟ್ಟ ಡೀಸೆಲ್ಲು ಉರಿಯದೆ ಸಿಲಿಂಡರ್ ಗೋಡೆ ಮೇಲಿಂದ ಇಳಿದು ಆಯಿಲ್‌ಗೆ ಸೇರುತ್ತೆ. ನಮ್ಮಪ್ಪನಿಗೆ ಆಯಿಲ್ ಕಮ್ಮಿಯಾದ್ರೆ ಎದೆ ಢವಢವ. ಈ ಕಾರಲ್ಲಿ ಡಿಪ್‌ಸ್ಟಿಕ್ ಎಳೆದು ನೋಡ್ದಾಗ ಆಯಿಲ್ ಜಾಸ್ತಿಯಾಗಿದ್ರೆ ಹೆದರಬೇಕು. ನನ್ನದು ಜಾಸ್ತಿಯಾಗಿತ್ತು. 'ಪರವಾಗಿಲ್ಲ, ಕುಡೀತಿಲ್ಲ' ಅಂತ ಖುಷಿಪಟ್ಟಿದ್ದೆ!

ಆ ಜನವರೀಲಿ ಸಂಕ್ರಾಂತಿಗೆ ಅಂತ ಸ್ಟುಟ್‌ಗಾರ್ಟ್‌ನ ಸ್ನೇಹಿತರ ಮನೆಗೆ ಹೋಗಿದ್ವಿ. ವಾಪಸ್ ಬರೋವಾಗ ರಾತ್ರಿ, ಐಷೆಲ್‌ಬೆರ್ಗ್ ದಾಟಿ ಬೆಟ್ಟ ಏರೋ ಕಡೆ, ಹಳದಿ ಲೈಟು ಹತ್ತಿತು. ಆಕ್ಸಿಲರೇಟರ್ ತುಳಿದ್ರೂ ಗಾಡಿಗೆ ಉಸಿರೇ ಇಲ್ಲ. ದೇವರಾಯನದುರ್ಗ ಹತ್ತೋ ಲೋಡ್ ಟೆಂಪೋ ಥರ ಲಾರಿಗಳ ಸಾಲಲ್ಲಿ ನರಳ್ಕೊಂಡು ಬಂದ್ವಿ, ಹಿಂದಿನ ಸೀಟಲ್ಲಿ ಎಳ್ಳು-ಬೆಲ್ಲದ ಡಬ್ಬಿ, ನಿದ್ದೆ ಹೋಗಿರೋ ಮಗು, ಪಕ್ಕದಲ್ಲಿ ಮಾತು ಬಿಟ್ಟಿರೋ ಹೆಂಡತಿ.

ಮಾರನೇ ದಿನ ಗ್ಯಾರೇಜಿನವನು ಕಂಪ್ಯೂಟರ್ ಹಚ್ಚೋ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: ದಿನಾ ಎಷ್ಟು ದೂರ ಓಡಿಸ್ತೀಯ? ನಾಲ್ಕು ಅಂದೆ. ಅವನು ತಲೆ ಅಲ್ಲಾಡಿಸಿ ಬಾನೆಟ್ ಎತ್ತಿದ. ನೋಡಿದ್ರೆ ಫಿಲ್ಟರ್ ಮಸಿ ಕಟ್ಟಿದ್ದಲ್ಲದೆ, ಎಂಜಿನ್ ನೀರಿನ ಬಿಸಿ ಹಿಡಿತದಲ್ಲಿಡೋ ಥರ್ಮೋಸ್ಟ್ಯಾಟ್ ಕೂಡ ತೆರೆದ ಹಂಗೇ ಸಿಕ್ಕಿಹಾಕ್ಕೊಂಡಿತ್ತು. ನೀರು 88, 90 ಡಿಗ್ರಿ ಇರಬೇಕಾದ್ದು 70 ದಾಟ್ತಿರಲಿಲ್ಲ. ಅಷ್ಟು ತಣ್ಣಗಿದ್ರೆ ಮಸಿ ಸುಡೋ ಕೆಲಸವನ್ನ ಕಾರು ಸರಿಯಾಗಿ ಮುಗಿಸಲ್ಲ, ಎಷ್ಟೋ ಸಲ ಶುರುವೇ ಮಾಡಲ್ಲ. ಈ ಮಾಡೆಲ್‌ನ ಮೀಟರ್ ಬೋರ್ಡಲ್ಲಿ ನೀರಿನ ಬಿಸಿ ತೋರಿಸೋ ಮುಳ್ಳೇ ಇಲ್ಲ, ನನಗೆ ಗೊತ್ತಾಗೋದಾದ್ರೂ ಹೇಗೆ? ಅವತ್ತಿಂದ ಒಂದು ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಫೋನಲ್ಲಿ ಡಿಗ್ರಿ ನೋಡ್ತೀನಿ. ಹತ್ತು ವರ್ಷದಲ್ಲಿ ಎರಡು ಸಲ ಥರ್ಮೋಸ್ಟ್ಯಾಟ್ ಬದಲಾಯಿಸಿದ್ದೀನಿ. ಸಣ್ಣ ದುಡ್ಡಿನ ಸಾಮಾನು, ಆದ್ರೆ ಅದನ್ನ ಕಡೆಗಣಿಸಿದ್ರೆ ಸಾವಿರ ಯೂರೋದ ಫಿಲ್ಟರ್ ಹೋಗುತ್ತೆ. ಹಳೇ ಡೀಸೆಲ್ ಬಿಎಂಡಬ್ಲ್ಯು ಇಟ್ಕೊಂಡೋರಿಗೆ ನಾನು ಮೊದಲು ಹೇಳೋದು ಇದನ್ನೇ, ಬೇರೆಲ್ಲ ಆಮೇಲೆ.

'ಫಿಲ್ಟರ್ ಕಿತ್ತು ಹಾಕ್ಸಿ, ಕಾರಿನ ಕಂಪ್ಯೂಟರ್ ಪ್ರೋಗ್ರಾಂ ತಿದ್ದಿಸಿ ರೀಮ್ಯಾಪ್ ಮಾಡ್ಸಿದ್ರೆ ಆಯ್ತಲ್ಲ ಅಣ್ಣಾ, ಬೆಂಗಳೂರಲ್ಲಿ ಮಾಡ್ತಾರೆ' ಅಂತ ನಿನ್ನ ಬಾಯಲ್ಲಿ ಬರೋ ಮೊದಲೇ ಹೇಳ್ತೀನಿ. ಇಲ್ಲಿ ಅದನ್ನ ತೆಗೆದ್ರೆ ಗಾಡಿ ರಸ್ತೆಗೆ ಇಳಿಯೋ ಪರವಾನಗೀನೇ ಹೋಯ್ತು. ಎರಡು ವರ್ಷಕ್ಕೊಮ್ಮೆ ಟ್ಯೂಫ್ ಅಂತ ಪರೀಕ್ಷೆ ಇರುತ್ತೆ. ನಮ್ಮ ಎಫ್‌ಸಿ ಅಂದ್ಕೋ, ಆದ್ರೆ ಏಜೆಂಟ್ ಇಲ್ಲದ ಎಫ್‌ಸಿ. ಗಾಡಿನ ಎತ್ತಿ, ಕೆಳಗೆ ಟಾರ್ಚ್ ಹಿಡಿದು, ಬ್ರೇಕ್ ಪೈಪಿನ ತುಕ್ಕಿಂದ ಹಿಡಿದು ಬುಷ್ಷಿನ ಬಿರುಕಿನ ತನಕ ನೋಡ್ತಾರೆ. ಚಳೀಲಿ ರಸ್ತೆಗೆ ಉಪ್ಪು ಸುರೀತಾರಲ್ಲ, ಅದು ತಿಂದು ನನ್ನ ಹಿಂದಿನ ಸ್ಪ್ರಿಂಗ್ ಒಂದು ತುದೀಲಿ ಮುರಿದಿತ್ತು. ಓಡಿಸೋವಾಗ ನನಗೆ ಗೊತ್ತೇ ಆಗಿರಲಿಲ್ಲ, ಅವರು ಹಿಡಿದ್ರು.

ಈಗ ನೀನು ನೋಡಿರೋ ಕಾರಿನ ವಿಷಯ. 2007ರಿಂದ 320ಡಿಗೆ ಎನ್47 ಅನ್ನೋ ಎಂಜಿನ್ ಬಂತು. ಓಡೋಕೆ ಚೆನ್ನಾಗಿದೆ, ಕುಡಿಯೋದೂ ಕಮ್ಮಿ. ಆದ್ರೆ ವಾಲ್ವು ಪಿಸ್ಟನ್ನು ಒಂದೇ ತಾಳಕ್ಕೆ ಓಡೋ ಹಂಗೆ ನೋಡ್ಕೊಳ್ಳೋ ಅದರ ಟೈಮಿಂಗ್ ಚೈನ್ ಎಂಜಿನ್ ಮುಂದುಗಡೆ ಇಲ್ಲ, ಹಿಂದೆ, ಗೇರ್‌ಬಾಕ್ಸ್ ಕಡೆ ಇದೆ. ಮೊದಲ ವರ್ಷಗಳ ಎಂಜಿನ್‌ಗಳಲ್ಲಿ ಆ ಚೈನ್ ಸವೆಯೋದು ಊರಿಗೆಲ್ಲ ಗೊತ್ತಿರೋ ವಿಷಯ. ಅದನ್ನ ಬದಲಾಯಿಸೋಕೆ ಗೇರ್‌ಬಾಕ್ಸ್ ಇಳಿಸಬೇಕು, ಎಷ್ಟೋ ಸಲ ಎಂಜಿನ್ನೇ ಇಳಿಸ್ತಾರೆ. ಗ್ಯಾರೇಜಲ್ಲಿ ಗಂಟೆಗೆ ನೂರು ಯೂರೋ ಮೇಲೆ ಕೂಲಿ ಇರೋ ದೇಶದಲ್ಲಿ ಆ ಬಿಲ್ಲು ಕಾರಿನ ಬೆಲೆಯ ಅರ್ಧ ದಾಟುತ್ತೆ. ಬದಲಾಯಿಸದೆ ಓಡಿಸಿ ತುಂಡಾದ್ರೆ ವಾಲ್ವು ಪಿಸ್ಟನ್ನು ಡಿಕ್ಕಿ ಹೊಡ್ಕೊಂಡು ಎಂಜಿನ್ ಗುಜರಿಗೆ. ನನ್ನದು ಅದಕ್ಕಿಂತ ಹಿಂದಿನ ಎಂ47. ಅದರ ಚೈನು ಮುಂದೆ ಇದೆ, ಅದಕ್ಕೆ ಬೇರೆ ಕಾಯಿಲೆ: ಗಾಳಿ ಒಳಗೆ ಹೋಗೋ ದಾರೀಲಿ ಸಣ್ಣ ಸಣ್ಣ ರೆಕ್ಕೆ ಇರುತ್ತೆ, ಅದು ಕಳಚಿ ಸಿಲಿಂಡರಿಗೆ ಬೀಳೋ ಭಯ. ಕಾಯಿಲೆ ಇಲ್ಲದ ಗಾಡಿ ಯಾವುದೂ ಇಲ್ಲ. ಯಾವುದಕ್ಕೆ ಮದ್ದು ಆಗಿದೆ ಅನ್ನೋ ಕಾಗದ ಇದೆಯಾ, ಅದು ಮುಖ್ಯ. ಇಲ್ಲಿ ಸರ್ವೀಸ್ ಪುಸ್ತಕಕ್ಕೆ ಶೆಕ್‌ಹೆಫ್ಟ್ ಅಂತಾರೆ. ಪುಸ್ತಕ ಇಲ್ಲ, ಬಿಲ್ಲೂ ಇಲ್ಲ, 'ಚೈನ್ ಮಾಡ್ಸಿದ್ದೀನಿ' ಅಂತ ಬರೀ ಬಾಯಲ್ಲಿ ಹೇಳ್ತಾರೆ ಅಂದ್ರೆ ಮಾಡ್ಸಿಲ್ಲ ಅಂತ್ಲೇ ತಿಳ್ಕೋ.

ಆಯಿಲ್ ಬಗ್ಗೆ ನಾನು ಹಠಮಾರಿ. ಕಂಪನಿ ಲೆಕ್ಕದಲ್ಲಿ ಎರಡು ವರ್ಷ ಅಥವಾ ಮೂವತ್ತು ಸಾವಿರ ಕಿಲೋಮೀಟರ್ ತನಕ ಹೋಗಬಹುದು. ನಾನು ಹದಿನೈದು ಸಾವಿರಕ್ಕೆ ಬದಲಾಯಿಸ್ತೀನಿ. ಆಯಿಲ್ ಡಬ್ಬಿ ಮೇಲೆ 'ಎಲ್‌ಎಲ್-04' ಅಂತ ಇರಲೇಬೇಕು. ಮಸಿ ಸುಡಬಹುದು, ಬೂದಿ ಸುಡೋಕಾಗಲ್ಲ ನೋಡು. ಆಯಿಲ್ಲಿಂದ ಬರೋ ಬೂದಿ ಫಿಲ್ಟರಲ್ಲೇ ಕೂತ್ಕೊಳ್ಳುತ್ತೆ, ಈ ಆಯಿಲ್‌ನಲ್ಲಿ ಬೂದಿ ಕಮ್ಮಿ. ಮನೆ ಮುಂದೆ ಆಯಿಲ್ ಬದಲಾಯಿಸೋ ಸಾಹಸಕ್ಕೆ ಕೈ ಹಾಕಬೇಡ. ಕಾರು ತೊಳೆಯೋಕೂ ಮ್ಯೂನಿಕ್ ಬೀದೀಲಿ ಬಿಡಲ್ಲ. ಗಂಟೆ ಲೆಕ್ಕದಲ್ಲಿ ಲಿಫ್ಟ್, ಸ್ಪ್ಯಾನರ್ ಎಲ್ಲ ಬಾಡಿಗೆಗೆ ಕೊಡೋ ಗ್ಯಾರೇಜುಗಳಿವೆ, ನಾನು ಅಲ್ಲಿ ಮಾಡ್ಕೋತೀನಿ. ಆಯಿಲ್ ತಗೊಂಡ ಅಂಗಡಿಯವನು ಅಷ್ಟೇ ಲೀಟರ್ ಹಳೇ ಆಯಿಲನ್ನ ವಾಪಸ್ ತಗೋಬೇಕು ಅಂತ ಕಾನೂನೇ ಇದೆ, ಬಿಲ್ಲು ಇಟ್ಕೊಂಡಿರು. ಬ್ಯಾಟರಿ ಬದಲಾಯಿಸಿದ್ರೆ ಹೊಸದು ಹಾಕಿದ್ದೀವಿ ಅಂತ ಕಾರಿನ ಕಂಪ್ಯೂಟರಿಗೆ ಹೇಳಬೇಕು. ನಮ್ಮ ಬಿ.ಎಚ್. ರೋಡಿನ ಬ್ಯಾಟರಿ ಅಂಗಡಿಯವರಿಗೆ ಇದು ಹೇಳಿದ್ರೆ ನಗ್ತಾರೆ.

ಕಾನೂನಿನ ಕಡೆ ಬಂದ್ರೆ ಇನ್ನೂ ಒಂದು ತೊಡಕು. 2023ರ ಫೆಬ್ರವರಿಯಲ್ಲಿ ಮ್ಯೂನಿಕ್‌ನ ಮಿಟ್ಲರರ್ ರಿಂಗ್ ಅನ್ನೋ ವರ್ತುಲ ರಸ್ತೆಯ ಒಳಗೆ ಯೂರೋ 4 (ನಮ್ಮ ಬಿಎಸ್ 4 ಥರ ಹೊಗೆಯ ದರ್ಜೆ) ಡೀಸೆಲ್‌ಗಳಿಗೆ ನಿರ್ಬಂಧ ಬಂತು, ಹೊಗೆ ಕಮ್ಮಿ ಅಂತ ಗಾಜಿಗೆ ಅಂಟಿಸೋ ಹಸಿರು ಸ್ಟಿಕರ್ ಇದ್ರೂ. 2008ರ 320ಡಿ ಹೆಚ್ಚಾಗಿ ಯೂರೋ 4. ನನ್ನದೂ ಅದೇ, ಆದ್ರೆ ನನ್ನ ಆಫೀಸು ರಿಂಗಿನ ಹೊರಗಿದೆ. ನೀನಿರೋದು ಒಳಗೆ. ಗಾಡಿ ಕಾಗದದ 14ನೇ ಕಲಂ ನೋಡು, ಯಾವ ಯೂರೋ ಅಂತ ಅಲ್ಲಿರುತ್ತೆ. ಈಗಿನ ನಿಯಮ ಏನಿದೆ ಅಂತ ನಗರಸಭೆಯವರ ಪುಟದಲ್ಲೇ ಓದು, ಗೆಳೆಯರ ಮಾತು ನಂಬಬೇಡ. ತೆರಿಗೆ ನಮ್ಮ ಥರ ಒಮ್ಮೆ ಕಟ್ಟೋ ಲೈಫ್ ಟ್ಯಾಕ್ಸಲ್ಲ, ವರ್ಷ ವರ್ಷ ಕಟ್ಟಬೇಕು. 2009ರ ಜುಲೈಗೆ ಮುಂಚೆ ನೋಂದಣಿಯಾದ ಡೀಸೆಲ್‌ಗೆ ನೂರು ಸಿಸಿಗೆ 15.44 ಯೂರೋ, ಎರಡು ಲೀಟರ್ ಎಂಜಿನ್‌ಗೆ 308. ಆಮೇಲೆ ಬಂದ ಗಾಡಿಗೆ ನೂರು ಸಿಸಿಗೆ 9.50, ಅದರ ಮೇಲೆ ಹೊಗೆಯ ಲೆಕ್ಕ ಬೇರೆ. ಡೀಸೆಲ್ ಗಾಡಿ ಅಂದ್ರೆ ಪಂಪಲ್ಲಿ ದುಡ್ಡು ಉಳಿಯುತ್ತೆ ಅಂತ ಖುಷಿಪಡ್ತೀಯಲ್ಲ, ಆ ಖುಷೀನ ಇಲ್ಲಿ ಕಿತ್ಕೋತಾರೆ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸೋನಿಗೆ ಅದು ಯಾವತ್ತೂ ವಾಪಸ್ ಬರಲ್ಲ. ವಿಮೇನೂ ಹಂಗೇ, ಹೊಸಬರಿಗೆ ತಳದ ಮೆಟ್ಟಿಲಿಂದ ಶುರು, ಮೊದಲ ವರ್ಷದ ಕಂತು ನೋಡಿ ನಾನು ಮತ್ತೆ ಎರಡು ಸಲ ಓದಿದ್ದೆ.

ಅದಕ್ಕಿಂತ ಮುಂಚೆ ಲೈಸೆನ್ಸ್. ನಮ್ಮ ತುಮಕೂರು ಆರ್‌ಟಿಒ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತೆ. ಮೂರು ಆಗಲೇ ಕಳೆದಿದ್ದೀಯ. ಬರೆಯೋ ಪರೀಕ್ಷೆ, ಓಡಿಸೋ ಪರೀಕ್ಷೆ ಎರಡೂ ಮತ್ತೆ ಪಾಸಾಗಬೇಕು. ಅರ್ಜಿ ಹಾಕಿ ತಾರೀಕು ಸಿಗೋಕೇ ತಿಂಗಳುಗಟ್ಟಲೆ ಆಗುತ್ತೆ. ಹದಿನೈದು ವರ್ಷ ಓಡಿಸಿದೋರೂ ಇಲ್ಲಿ ಫೇಲಾಗಿದ್ದಾರೆ, ನಾನೂ ಒಂದು ಸಲ. ಬೋರ್ಡಿಲ್ಲದ ಕೂಡುರಸ್ತೇಲಿ ಬಲಗಡೆಯಿಂದ ಬರೋನಿಗೆ ದಾರಿ ಬಿಡಬೇಕು. ನಾನು ನಮ್ಮೂರ ಲೆಕ್ಕದಲ್ಲಿ, ಯಾರ ಗಾಡಿ ದೊಡ್ಡದೋ ಅವನು ಮೊದಲು ಅಂತ ಹೋದೆ. ಕಾರಿಗೆ ಇಟ್ಟಿರೋ ದುಡ್ಡಲ್ಲಿ ಒಂದು ಭಾಗ ತೆಗೆದು ಈ ವಾರವೇ ಡ್ರೈವಿಂಗ್ ಸ್ಕೂಲಿಗೆ ಕಟ್ಟು.

ಆಸೆ ಯಾಕೆ ಅಂತ ನನಗೆ ಗೊತ್ತಿಲ್ಲ ಅಂದ್ಕೋಬೇಡ. ತುಮಕೂರಿನ ಎಸ್‌ಐಟಿ ಕಾಲೇಜಿನ ಗೇಟಿನ ಮುಂದೆ ಬಿಳೀ ಬಿಎಂಡಬ್ಲ್ಯು ಒಂದು ನಿಂತ್ರೆ ನಾವು ಆರು ಜನ ಸುತ್ತು ಹಾಕಿ ನೋಡ್ತಿದ್ವಿ. ಇಲ್ಲಿ ನಾಲ್ಕು ಸಾವಿರ ಯೂರೋದ ಹಳೇ ಬಿಎಂಡಬ್ಲ್ಯುಗೆ ಯಾರೂ ಕತ್ತೆತ್ತಿ ನೋಡಲ್ಲ. ಊರಲ್ಲಿ ನೋಡ್ತಾರೆ! ನಾನು ಕಾರಿನ ಪಕ್ಕ ನಿಂತ ಫೋಟೋ ಮನೆಯವರ ಗ್ರೂಪಿಗೆ ಹಾಕಿದ ವಾರದಲ್ಲೇ ಇಬ್ಬರು ಸಾಲ ಕೇಳಿದ್ರು, ಒಬ್ಬರು ಗೃಹಪ್ರವೇಶಕ್ಕೆ, ಇನ್ನೊಬ್ಬರು ಬೋರ್‌ವೆಲ್‌ಗೆ. ನಿಮ್ಮಪ್ಪ 'ಬರುವಾಗ ಊರಿಗೇ ತಗೊಂಡು ಬಾ' ಅಂತ ಖಂಡಿತ ಅಂತಾರೆ, ನಮ್ಮಪ್ಪಾನೂ ಅಂದಿದ್ರು. ಸ್ಟಿಯರಿಂಗ್ ಎಡಗಡೆ ಇರೋದನ್ನೂ ಮೂರು ವರ್ಷಕ್ಕಿಂತ ಹಳೇದನ್ನೂ ನಮ್ಮ ದೇಶಕ್ಕೆ ತರಿಸೋ ಹಾಗಿಲ್ಲ ಅಂತ ಹೇಳ್ಬಿಡು.

ನಾಳೆ ನಿನಗೆ ದೂರದ ಕೆಲಸ ಸಿಕ್ಕಿ, ಊರಾಚೆ ಮನೆ ಮಾಡಿ, ದಿನಾ ಐವತ್ತು ಅರವತ್ತು ಕಿಲೋಮೀಟರ್ ಹೈವೇ ಓಡಿಸೋ ಹಂಗಾದ್ರೆ ಮತ್ತೆ ಕೇಳು, ನಾನೇ ಜೊತೆಗೆ ಬಂದು ಒಂದು ಆರಿಸಿ ಕೊಡ್ತೀನಿ. ಹಳ್ಳಿಕಾರ್ ಎತ್ತು ತಂದು ಗೊಂತಿಗೆ ಕಟ್ಟಿಟ್ರೆ ಅದೂ ಕೆಡುತ್ತೆ, ನೀನೂ ಕೆಡ್ತೀಯ. ಐದು ಕಿಲೋಮೀಟರಿಗೆ ಊ-ಬಾನ್ ಸಾಕು. ಕಾರು ಬೇಕೇ ಬೇಕು ಅಂದ್ರೆ ಸಣ್ಣದೊಂದು ಪೆಟ್ರೋಲ್ ಗಾಡಿ.

ಇಷ್ಟು ಹೇಳಿದ್ರೂ ಶನಿವಾರ ನೀನು ಆ ಕಾರು ನೋಡೋಕೆ ಹೋಗೇ ಹೋಗ್ತೀಯ ಅಂತ ಗೊತ್ತು, ನಾನೂ ಹೋಗಿದ್ದೆ. ಬೆಳಗ್ಗೆ ಬೇಗ ಹೋಗು. ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡು. ಬೆಚ್ಚಗಿದ್ರೆ ನೀನು ಬರೋ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ, ಅಲ್ಲಿಂದಲೇ ವಾಪಸ್ ಬಾ. ತಣ್ಣಗಿದ್ರೆ ನನಗೆ ಫೋನ್ ಹಚ್ಚಿ, ಅವರ ಕೈಲಿ ಸ್ಟಾರ್ಟ್ ಮಾಡ್ಸಿ, ಎರಡು ಸಾವಿರ ಆರ್‌ಪಿಎಂ ತನಕ ಮೆಲ್ಲಗೆ ಏರಿಸೋಕೆ ಹೇಳಿ, ಫೋನನ್ನ ಎಂಜಿನ್ ಹಿಂಭಾಗದ ಹತ್ರ ಹಿಡಿ. ಚೈನಿನ ಗರಗರ ಇದ್ರೆ ಆಗ್ಸ್‌ಬರ್ಗ್‌ಗೇ ಕೇಳುತ್ತೆ.