ಮೇನ್‌ಫ್ರೇಮ್ ಆಪರೇಟರ್ ಕೆಲಸದಲ್ಲಿ ಟೈಪಿಂಗ್ ತಪ್ಪು ತಪ್ಪಿಸೋಕೆ ಸಣ್ಣ ಸ್ಕ್ರಿಪ್ಟ್ ಸಾಕಾ?

ನೀವು ಚಿತ್ರದುರ್ಗದವರು, ಹೊಸದಾಗಿ ಮೇನ್‌ಫ್ರೇಮ್, ಅಂದರೆ ದೊಡ್ಡ ಸಂಸ್ಥೆಗಳ ಭಾರಿ ಕಂಪ್ಯೂಟರ್, ನೋಡಿಕೊಳ್ಳುವ ಆಪರೇಟರ್ ಆಗಿ ಸೇರಿದ್ದೀರಿ. ರಾತ್ರಿ ಪಾಳಿಯಲ್ಲಿ ಕಮಾಂಡ್ ಹೊಡೆಯುವಾಗ ಕೈ ತಪ್ಪುತ್ತದೆ, ಪ್ರೋಗ್ರಾಮಿಂಗ್ ಅಷ್ಟಾಗಿ ಬರಲ್ಲ, ಸ್ಕ್ರಿಪ್ಟ್ ಬರೆದುಕೊಂಡರೆ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ನಾನು ಮೊದಲು ಬರೆದಂಥದ್ದನ್ನು ಬರೆಯಬೇಡಿ.

ನಾನು ಪಕ್ಕದ ದಾವಣಗೆರೆಯವನು. ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ ಪಾಳಿ ಮಾಡುತ್ತಿದ್ದೆ. ಒಂದು ರಾತ್ರಿ ಮೂರು ಗಂಟೆಗೆ, ಲೂಪಿನಲ್ಲಿ ಸಿಕ್ಕಿಕೊಂಡು ಮುಗಿಯದೇ ಸುತ್ತುತ್ತಿದ್ದ ಜಾಬ್ (ಕಂಪ್ಯೂಟರಿಗೆ ಒಪ್ಪಿಸಿದ ಕೆಲಸ) ಒಂದನ್ನು ಕ್ಯಾನ್ಸಲ್ ಮಾಡಬೇಕಿತ್ತು. ಅದರ ಹೆಸರಿನ ಕೊನೆಗೆ 017. ನಾನು ಹೊಡೆದದ್ದು 071. ಆ ಹೆಸರಿನ ಜಾಬೂ ಎರಡು ಗಂಟೆಯಿಂದ ಓಡುತ್ತಿತ್ತು! ಸಿಸ್ಟಮ್ ಏನೂ ಕೇಳಲಿಲ್ಲ, ಹೇಳಿದ್ದು ಮಾಡಿತು. ಬೆಳಿಗ್ಗೆ ರಿಪೋರ್ಟ್ ತಡ, ನನಗೆ ಮಂಗಳಾರತಿ.

ಮರುದಿನವೇ ರೆಕ್ಸ್‌ನಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ರೆಕ್ಸ್ ಐಬಿಎಂನ ಮೈಕ್ ಕೌಲಿಶಾ 1979ರಲ್ಲಿ ಶುರು ಮಾಡಿದ ಭಾಷೆ. ಐಬಿಎಂ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಝಡ್/ಓಎಸ್ ಜೊತೆಗೇ ಬರುತ್ತದೆ, ಹೆದರುವಂಥದ್ದೇನಲ್ಲ. ನನ್ನ ಸ್ಕ್ರಿಪ್ಟ್ ಜಾಬ್ ಹೆಸರು ತೆಗೆದುಕೊಂಡು "ಖಚಿತಾನಾ? ವೈ ಅಥವಾ ಎನ್" ಅಂತ ಕೇಳುತ್ತಿತ್ತು. ಒಂದೇ ವಾರ. ಆಮೇಲೆ ಬೆರಳು ತಾನಾಗಿಯೇ ವೈ ಒತ್ತತೊಡಗಿತು.

ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನಲ್ಲಿ ಸಪ್ಲೈಯರ್ "ಅಷ್ಟೇನಾ?" ಅಂದರೆ ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ. "ಎರಡು ಬೆಣ್ಣೆ, ಒಂದು ಖಾಲಿ" ಅಂತ ತಿರುಗಿ ಹೇಳಿದರೆ ಮಾತ್ರ "ಏ ಇಲ್ಲಪ್ಪ, ಎರಡು ಖಾಲಿ" ಅನ್ನೋದು ನೆನಪಾಗುತ್ತದೆ, ಅಲ್ವಾ?

ಹಾಗಾಗಿ ಎರಡನೇ ಸಲ ಬರೆದ ಸ್ಕ್ರಿಪ್ಟಿನಲ್ಲಿ, ಪೂರ್ತಿ ಹೆಸರು ಟೈಪ್ ಮಾಡುವುದನ್ನೇ ತೆಗೆದುಹಾಕಿದೆ. ಜಾಬ್‌ಗಳನ್ನು ನೋಡೋಕೆ ಇರುವ ಎಸ್‌ಡಿಎಸ್‌ಎಫ್ ಅನ್ನೋ ಟೂಲನ್ನು ರೆಕ್ಸ್‌ನಿಂದಲೇ ಕರೆಯಬಹುದು. ಓಡುತ್ತಿರುವ ಜಾಬ್‌ಗಳ ಪಟ್ಟಿ ನಂಬರ್ ಸಮೇತ ಬರುತ್ತದೆ, ಒಂದನ್ನು ಆರಿಸಬೇಕು. ಆಗ ಆ ಜಾಬಿನ ಹೆಸರು, ಎಷ್ಟು ಹೊತ್ತಿನಿಂದ ಓಡುತ್ತಿದೆ ಅನ್ನೋದು ತೋರಿಸಿ, ಹೆಸರಿನ ಕೊನೆಯ ಮೂರು ಅಂಕಿ ಹೊಡೆಯಲು ಹೇಳುತ್ತದೆ. ವೈ ಅಲ್ಲ, ಅಂಕಿ. ನಿದ್ದೆಗಣ್ಣಿನಲ್ಲೂ ಒಮ್ಮೆ ಓದಲೇಬೇಕು.

ಡಿಸ್ಕ್, ಟೇಪ್‌ನಂಥ ಡಿವೈಸ್‌ಗಳ ನಂಬರ್ ವಿಷಯ ಬೇರೆ. ಅದು ನಾಲ್ಕು ಹೆಕ್ಸ್ ಅಂಕಿ, ಅಂದರೆ 0ಯಿಂದ 9 ಮತ್ತು 'ಎ'ಯಿಂದ 'ಎಫ್'. ಸೊನ್ನೆ ಬದಲು 'ಓ' ಅಕ್ಷರ ಬಿದ್ದರೆ ಹೊಡೆದದ್ದು ಹೆಕ್ಸಾ ಅಂತ ನೋಡುವ ರೆಕ್ಸ್‌ನ ಡೇಟಾಟೈಪ್ ಫಂಕ್ಷನ್ ಹಿಡಿಯುತ್ತದೆ. ಆದರೆ ಖಾಲಿ ಎಂಟರ್ ಒತ್ತಿದರೆ ಅದೇ ಫಂಕ್ಷನ್ "ಸರಿ, ಹೆಕ್ಸೇ" ಅನ್ನುತ್ತದೆ, ಅಂಕಿಗಳ ನಡುವಿನ ಸ್ಪೇಸನ್ನೂ ಕೆಲವು ಕಡೆ ಒಪ್ಪುತ್ತದೆ. ನಾನು ಇದರಲ್ಲಿ ಅರ್ಧ ದಿನ ಕಳೆದಿದ್ದೇನೆ. ಉದ್ದ ನಾಲ್ಕೇ ಇದೆಯಾ, ಸ್ಪೇಸ್ ಇಲ್ಲವಾ ಅಂತ ಬೇರೆಯಾಗಿ ನೋಡಿ. ಇನ್ನು 'ಬಿ' ಬದಲು 8 ಹೊಡೆದರೆ ಯಾವ ಚೆಕ್ಕೂ ಹಿಡಿಯಲ್ಲ, ಎರಡೂ ಸರಿಯಾದ ಹೆಕ್ಸೇ. ಅಲ್ಲಿ ಡಿವೈಸ್ ಈಗ ಯಾರ ಕೈಯಲ್ಲಿದೆ ಅಂತ ಡಿಸ್ಪ್ಲೇ ಮಾಡಿ ತೋರಿಸಿದ ಮೇಲೇ ಅದನ್ನು ಆನ್‌ಲೈನ್ ಅಥವಾ ಆಫ್‌ಲೈನ್ ಮಾಡುವ ವೇರಿ ಕಮಾಂಡ್ ಹೋಗಬೇಕು.

ಬರೆದ ಸ್ಕ್ರಿಪ್ಟನ್ನು ಸಿಸ್ಟಮ್ ಪ್ರೋಗ್ರಾಮರ್‌ಗೆ ತೋರಿಸದೆ ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜವಾದ ಕೆಲಸ ನಡೆಯುವ ಸಿಸ್ಟಮ್‌ನಲ್ಲಿ, ಓಡಿಸಬೇಡಿ, ಕೆಲಸಕ್ಕೇ ಕುತ್ತು. ಮನೆಯಲ್ಲಿ ಅಭ್ಯಾಸಕ್ಕೆ ರೆಜಿನಾ ಅನ್ನೋ ರೆಕ್ಸ್ ಇದೆ. ಪುಕ್ಕಟೆ, ವಿಂಡೋಸ್‌ನಲ್ಲೂ ಓಡುತ್ತದೆ. ಜಾಬ್ ಪಟ್ಟಿ ಅದರಲ್ಲಿ ಸಿಗಲ್ಲ, ಆದರೆ ನಾಲ್ಕು ಅಂಕಿ ಚೆಕ್ ಮಾಡುವ ಭಾಗವನ್ನು ಇವತ್ತು ರಾತ್ರಿಯೇ ಬರೆದು ನೋಡಬಹುದು.