ಓದುಗರ ಪ್ರಶ್ನೆ: ಏರಿಳಿಯುವ ಸೋಲಾರ್ ವೋಲ್ಟೇಜಿಗೆ ಕಡಿವಾಣ

ಪ್ರಶ್ನೆ: 20 ವ್ಯಾಟ್‌ನ 12 ವೋಲ್ಟ್ ಸೋಲಾರ್ ಪ್ಯಾನೆಲ್‌ನಿಂದ ನೇರವಾಗಿ 5 ವೋಲ್ಟ್, 1 ಆಂಪಿಯರ್ ಬೇಕು. 7805 ರೆಗ್ಯುಲೇಟರ್ ಐಸಿ ಹಾಕಿದರೆ ಕೈ ಸುಡುತ್ತದೆ. ಏನು ಮಾಡಲಿ?

ಉತ್ತರ: ಸುಡದೆ ಇರುವುದಿಲ್ಲ. 12 ವೋಲ್ಟ್ ಎನ್ನುವುದು ಹೆಸರಿಗೆ ಮಾತ್ರ. 36 ಸೆಲ್‌ಗಳ ಪ್ಯಾನೆಲ್ ಲೋಡ್ ಇಲ್ಲದಾಗ 21–22 ವೋಲ್ಟ್ ಕೊಡುತ್ತದೆ. 18 ವೋಲ್ಟ್ ಇದ್ದಾಗ 7805ರಲ್ಲಿ (18−5)×1, ಅಂದರೆ 13 ವ್ಯಾಟ್ ಶಾಖವಾಗಿ ಹೋಗುತ್ತದೆ.

ಎಲ್‌ಎಂ2596ರ 5 ವೋಲ್ಟ್ ಐಸಿ ಬಳಸಿ. ಇದು ವೇಗವಾಗಿ ಆನ್-ಆಫ್ ಆಗುತ್ತಾ ವೋಲ್ಟೇಜ್ ಇಳಿಸುವ ಕನ್ವರ್ಟರ್. ಇನ್‌ಪುಟ್‌ಗೆ 1000 ಮೈಕ್ರೋಫ್ಯಾರಡ್, ಔಟ್‌ಪುಟ್‌ಗೆ 220 ಮೈಕ್ರೋಫ್ಯಾರಡ್ ಕೆಪಾಸಿಟರ್, 33 ಮೈಕ್ರೋಹೆನ್ರಿಯ 3 ಆಂಪಿಯರ್ ಕಾಯಿಲ್, 1ಎನ್5822 (ವೇಗದ ಶಾಟ್ಕಿ) ಡಯೋಡ್ ಸಾಕು. ಇನ್‌ಪುಟ್ ಕೆಪಾಸಿಟರ್ 35 ವೋಲ್ಟಿನದೇ ಇರಲಿ. ಕೈಗೆ ಸಿಕ್ಕಿತೆಂದು ಸಾಮಾನ್ಯ 1ಎನ್4007 ಡಯೋಡ್ ಹಾಕಲೇಬೇಡಿ: 150 ಕಿಲೋಹರ್ಟ್ಸ್ ವೇಗಕ್ಕೆ ಅದು ಸಕಾಲದಲ್ಲಿ ಆಫ್ ಆಗದೆ ತಾನೂ ಕಾದು ಐಸಿಯನ್ನೂ ಕೆಡಿಸುತ್ತದೆ.

ನಿಜವಾದ ತೊಡಕು ಮೋಡ ಬಂದಾಗ. ಪ್ಯಾನೆಲ್ ವೋಲ್ಟೇಜ್ ಇಳಿದಂತೆ ಕನ್ವರ್ಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಆಗ ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಬಿಸಿಲು ಮರಳಿದರೂ ಕೆಲವೊಮ್ಮೆ ಮೇಲೇಳುವುದಿಲ್ಲ. ಇದಕ್ಕೆ ಪಿನ್ 5 ಉಪಯೋಗಿಸಿ. ಅದು ಸುಮಾರು 1.3 ವೋಲ್ಟ್ ಮೀರಿದರೆ ಐಸಿ ನಿಲ್ಲುತ್ತದೆ. ಇನ್‌ಪುಟ್‌ನಿಂದ ಪಿನ್ 5ಕ್ಕೆ 47 ಕಿಲೋಓಮ್ ರೆಸಿಸ್ಟರ್. ಅಲ್ಲಿಗೇ ಬಿಸಿ547 ಟ್ರಾನ್ಸಿಸ್ಟರಿನ ಕಲೆಕ್ಟರ್, ಎಮಿಟರ್ ಗ್ರೌಂಡಿಗೆ. ಬೇಸ್‌ಗೆ ಇನ್‌ಪುಟ್‌ನಿಂದ 12 ವೋಲ್ಟ್ ಝೀನರ್ (12 ವೋಲ್ಟ್ ಮೀರಿದ ಮೇಲಷ್ಟೇ ಕರೆಂಟ್ ಬಿಡುವ ಡಯೋಡ್) ಮತ್ತು 10 ಕಿಲೋಓಮ್ ಸರಣಿಯಲ್ಲಿ. ಬೇಸ್‌ನಿಂದ ಗ್ರೌಂಡಿಗೆ ಇನ್ನೊಂದು 10 ಕಿಲೋಓಮ್. ಸುಮಾರು 13 ವೋಲ್ಟ್ ದಾಟಿದ ಮೇಲಷ್ಟೇ ಸರ್ಕ್ಯೂಟ್ ಚಾಲೂ ಆಗುತ್ತದೆ. ಪಿನ್ 5ರ ಗರಿಷ್ಠ ಮಿತಿ 25 ವೋಲ್ಟ್, ಹಾಗಾಗಿ ಎರಡು ಪ್ಯಾನೆಲ್ ಸರಣಿಯಲ್ಲಿ ಜೋಡಿಸಬೇಡಿ.